ಪರವಾನಗಿಯಿಲ್ಲದ ಆಯುಧವೂ ಕಾಯಿದೆ ತೆರೆದ ದಾರಿಯೂ

ಆಯುಧಗಳನ್ನು ಕಾಯಿದೆಯ ಅಂಕೆಗೆ ತರಹೊರಟ ಸರ್ಕಾರಗಳೆಲ್ಲವೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ನಿನ್ನೆಯವರೆಗೆ ನಿರ್ದೋಷವಾಗಿ ಮನೆಯಲ್ಲಿದ್ದ ಕೋವಿ ಇಂದು ಅಪರಾಧದ ವಸ್ತುವಾದರೆ, ಅದರ ಒಡೆಯನಿಗೆ ಉಳಿಯುವ ದಾರಿ ಯಾವುದು? ಕನ್ನಡನಾಡಿನ ಎರಡು ನಿದರ್ಶನಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲನೆಯದು ಹಲಗಲಿಯದು. 1857ರಲ್ಲಿ ಉತ್ತರ ಹಿಂದೂಸ್ತಾನದ ದಂಗೆಯಿಂದ ಬೆದರಿದ ಕಂಪನಿ ಸರ್ಕಾರವು ಆಯುಧಗಳ ಕಾಯಿದೆಯನ್ನು ಹೊರಡಿಸಿತು. ಆಗ ಘೋರ್ಪಡೆಯವರ ಆಳ್ವಿಕೆಗೆ ಒಳಪಟ್ಟಿದ್ದ ಮುಧೋಳ ಸಂಸ್ಥಾನದಲ್ಲಿಯೂ ಅದು ಜಾರಿಗೆ ಬಂದಿತು. ಹಲಗಲಿಯ ಬೇಡರಿಗೆ ಆಯುಧವೆಂಬುದು ಬೇಟೆಯ ಸಾಧನವಾಗಿತ್ತು, ಕುಲದ ಮಾನವೂ ಆಗಿತ್ತು. ಅದನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೈನ್ಯವು ಹಳ್ಳಿಯ ಮೇಲೆ ಬಿದ್ದಿತು. ಡಿಸೆಂಬರಿನಲ್ಲಿ 19 ಮಂದಿ ಗಲ್ಲಿಗೇರಿದರು. ಫ್ಲೀಟರು ಸಂಗ್ರಹಿಸಿದ ಲಾವಣಿಯೊಂದು ಈ ದುರಂತವನ್ನು ಇಂದಿಗೂ ಜೀವಂತವಾಗಿ ಉಳಿಸಿದೆ.

ಎರಡನೆಯದು ಕೊಡಗಿನದು. ಹಲಗಲಿಯ ಗಲ್ಲುಗಳಾಗಿ ನಾಲ್ಕು ವರ್ಷ ತುಂಬುವ ಮೊದಲೇ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ನರ ಆಡಳಿತವು ಕೊಡವರನ್ನು ಆಯುಧ ಕಾಯಿದೆಯಿಂದ ಮುಕ್ತಗೊಳಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಆ ಜನಕ್ಕೂ ಆಯುಧವು ಕುಲದ ಮಾನವೇ ಆಗಿತ್ತು. ಸರ್ಕಾರವು ಒಬ್ಬರನ್ನು ನಂಬಿತು, ಇನ್ನೊಬ್ಬರನ್ನು ನಂಬಲಿಲ್ಲ. ಭೇದವಿದ್ದುದು ಆಯುಧದಲ್ಲಲ್ಲ, ಆ ನಂಬಿಕೆಯಲ್ಲಿ. ಲಿಟ್ಟನ್ ಕಾಲದ 1878ರ ಕಾಯಿದೆಯು ಇದೇ ಪಕ್ಷಪಾತವನ್ನು ದೇಶವ್ಯಾಪಿಯಾಗಿ ಬೆಳೆಸಿತು. ಐರೋಪ್ಯರಿಗೆ ವಿನಾಯಿತಿ ದೊರೆಯಿತು. ಭಾರತೀಯರಿಗೆ ಪರವಾನಗಿಯ ಕಟ್ಟು ಬಿದ್ದಿತು.

ಸ್ವತಂತ್ರ ಭಾರತದ 1959ರ ಆಯುಧ ಅಧಿನಿಯಮವು 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಬಚ್ಚಿಡುವುದಕ್ಕೂ ಕಳೆದುಕೊಳ್ಳುವುದಕ್ಕೂ ನಡುವೆ ಇದು ಕೆಲವು ದಾರಿಗಳನ್ನು ತೆರೆಯಿತು. ಪರವಾನಗಿಯ ಅವಧಿ ಮುಗಿದು ಅಥವಾ ಬೇರಾವ ಕಾರಣದಿಂದಲೇ ಆಗಲಿ ಸ್ವಾಧೀನವು ಅಕ್ರಮವಾದರೆ, 21ನೆಯ ಕಲಮಿನಂತೆ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ವಿಳಂಬವಿಲ್ಲದೆ ಠೇವಣಿ ಇಡತಕ್ಕದ್ದು. ಠೇವಣಿಯಿಟ್ಟವನು ಗೊತ್ತಾದ ಅವಧಿಯೊಳಗೆ ಪರವಾನಗಿ ಪಡೆದು ಅದನ್ನು ಹಿಂದಕ್ಕೆ ಪಡೆಯಬಹುದು; ಇಲ್ಲವೆ ಅರ್ಹನಾದವನಿಗೆ ಮಾರಬಹುದು. ಮುಟ್ಟುಗೋಲಿಗೆ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರು 30 ದಿನಗಳ ನೋಟಿಸು ಕೊಟ್ಟು ಅವನ ಸಮಜಾಯಿಷಿಯನ್ನು ಕೇಳಬೇಕು. ದುರಸ್ತಿ ಮಾಡಿದರೂ ಸಿಡಿಯದ ಪುರಾತನ ಆಯುಧಗಳನ್ನು 45ನೆಯ ಕಲಮು ಕಾಯಿದೆಯ ಹೊರಗಿಟ್ಟಿದೆ. ನಿಷಿದ್ಧ ವರ್ಗದ ಆಯುಧಕ್ಕಾದರೋ ಕೇಂದ್ರ ಸರ್ಕಾರದ ವಿಶೇಷ ಅನುಮತಿಯೇ ಬೇಕು.

ಆದರೆ ಎಂದೂ ಪರವಾನಗಿ ಪಡೆಯದ ಕೋವಿಯೊಂದು ಅಜ್ಜನ ಅಟ್ಟದ ಮೇಲೆ ಸಿಕ್ಕಿದರೆ? ಠೇವಣಿಯ ಕಲಮು ಸ್ವಾಧೀನವು ಸಕ್ರಮವಾಗಿದ್ದು ಆಮೇಲೆ ಅಕ್ರಮವಾದ ಪ್ರಸಂಗವನ್ನು ಕುರಿತದ್ದು. ತಾನಾಗಿ ತಂದೊಪ್ಪಿಸಿದವನಿಗೆ ಕ್ಷಮೆಯುಂಟೆಂದು ಅದು ಸ್ಪಷ್ಟವಾಗಿ ನುಡಿಯುವುದಿಲ್ಲ. ಮೂರನೆಯ ಕಲಮಿನ ಅಪರಾಧಕ್ಕೆ ಮೊಕದ್ದಮೆ ಹೂಡಲು ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಅಗತ್ಯವೆಂಬ 39ನೆಯ ಕಲಮೇ ಅಂಥವನಿಗೆ ಒಂದು ಆಸರೆ. 2019ರ ತಿದ್ದುಪಡಿಯು ಶಿಕ್ಷೆಗಳನ್ನು ಹೆಚ್ಚಿಸಿದ ಮೇಲೆ ಈ ವಿವೇಚನಾಧಿಕಾರದ ಹೊಣೆಯೂ ಹೆಚ್ಚಿದೆ.

ಅದೇ ತಿದ್ದುಪಡಿಯು ಒಬ್ಬನ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತಾದರೂ, ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷದ ಅವಕಾಶವನ್ನೂ ಇತ್ತಿತು. ಕೊಡಗಿನ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು.

ಇವುಗಳಿಂದ ಇತಿಹಾಸದ ವಿದ್ಯಾರ್ಥಿಯು ತಿಳಿಯಬೇಕಾದುದು ಇಷ್ಟೆ. ಆಯುಧಗಳನ್ನು ಅಂಕೆಯಲ್ಲಿಡುವುದು ರಾಜ್ಯದ ಧರ್ಮವೇ ಸರಿ. ಆದರೆ ಒಪ್ಪಿಸಲು ಬಂದವನಿಗೆ ಅವಧಿ, ಬೆಲೆ, ವಿಚಾರಣೆ ಎಂಬ ಮೂರು ಬಾಗಿಲುಗಳು ತೆರೆದಿರಬೇಕು. ಹಲಗಲಿಯ ಬೇಡರ ಪಾಲಿಗೆ ಇವು ಮೂರೂ ಮುಚ್ಚಿದ್ದುವು.