ಕೊಳಗದ ಜಗಳ: ಕಾಗೋಡು, 1951

ಕೊಳಗವೆಂದರೆ ಭತ್ತ ಅಳೆಯುವ ಪಾತ್ರೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಸಿಕೊಳ್ಳಲು ಜಮೀನಿನ ಒಡೆಯರು ಬಳಸುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಒಂದು ಕೊಳಗಕ್ಕೆ ಹೆಚ್ಚಾಗಿ ಹೋಗುವುದು ಬೊಗಸೆಯಷ್ಟೇ ಇರಬಹುದು. ಕಣವೆಲ್ಲ ಅಳೆದು ಮುಗಿಯುವ ಹೊತ್ತಿಗೆ ಗೇಣಿದಾರನ ಮನೆಯ ಗಂಜಿಗೇ ಕುತ್ತು.

ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘ ಸರಿಯಾದ ಕೊಳಗ ಕೇಳಿತು. ಒಡೆಯರು ಗೇಣಿದಾರರನ್ನು ಗದ್ದೆಗೆ ಇಳಿಯದಂತೆ ತಡೆದರು. 1951ರ ಏಪ್ರಿಲ್ 18ರಂದು ಗೇಣಿದಾರರಾದ ದೀವರ ಸಮುದಾಯದವರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಕೈಯಲ್ಲಿ ಆಯುಧವಿರಲಿಲ್ಲ. ಆದರೂ ಅವರನ್ನು ಬಂಧಿಸಲಾಯಿತು; ಹೆಂಗಸರೂ ಜೈಲು ಕಂಡರು. ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು.

ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಶಾಸಕರಾದರು. ‘ಉಳುವವನೇ ಹೊಲದೊಡೆಯ’ ಎಂಬುದು ಕಾನೂನಾಗಲು ಮಾತ್ರ 1974ರವರೆಗೆ ಕಾಯಬೇಕಾಯಿತು.