ಖುರಾಕಿನ ಕಥೆ: ಗರಡಿ ಮನಿಯಿಂದ ಡಬ್ಬಿಯವರೆಗೆ

ನಮ್ಮ ವಾಚನಾಲಯದ ಹುಡುಗರು "ಅಜ್ಜಾ, ಈ ಸಲ ನೀನೂ ಒಂದು ಲೇಖನ ಬರಿ" ಅಂತ ಗಂಟುಬಿದ್ದರು. ನಾನು ಕಲಿತದ್ದು ಏಳನೇ ಇಯತ್ತೆ. ಹೊಲ ಮಾಡೋದು ಗೊತ್ತು, ಡೊಳ್ಳಿನ ಪದ ಹಾಡೋದು ಗೊತ್ತು. ಇತಿಹಾಸ ಅಂದರೆ ರಾಜರದು, ನಮ್ಮಂಥವರದ್ದೇನು ಅಂತ ಸುಮ್ಮನಿದ್ದೆ. ಆದರೆ ಹೋದ ವರ್ಷ ತೊಗರಿ ಮಾರಿ ಬಂದ ದಿನ ಮನಿಯಾಗ ನಡೆದ ಒಂದು ಮಾತು ನನ್ನನ್ನು ಬರೆಯೋಕೆ ಕೂಡಿಸಿತು.

ಮೊಮ್ಮಗ ಮಿಲಿಟರಿ ಭರ್ತಿಗೆ ತಯಾರಿ ನಡೆಸಿದ್ದಾನೆ. ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಮಳಿ ಇಲ್ಲ, ಕೆಲಸ ಇಲ್ಲ. ಹುಡುಗರಿಗೆ ಇರೋ ದಾರಿ ಅಂದರೆ ಮಿಲಿಟರಿ, ಇಲ್ಲವೇ ಪೊಲೀಸ್. ಅವನು ಬಂದು, "ಅಜ್ಜಾ, ಮೂರು ಸಾವಿರ ರೂಪಾಯಿ ಬೇಕಾಗ್ಯಾವ" ಅಂದ.

"ಯಾಕಪಾ?"

"ಪ್ರೋಟೀನ್ ಡಬ್ಬಿ ತರಬೇಕು. ಮೈ ಕಟ್ಟಬೇಕಲ್ಲ."

"ಅದರಾಗ ಏನಿರತೈತಿ?"

"ಹಾಲಿನ ಸತ್ವ."

ನಾನು ಹೊರಗೆ ನೋಡಿದೆ. ಅವರವ್ವ ಎಮ್ಮಿ ಹಿಂಡಿ ಹಾಲಿನ ಕ್ಯಾನು ಡೇರಿಗೆ ಕಳಿಸಾಕತ್ತಿದ್ದಳು. ತೊಗರಿ ಮಾರಿದ ರೊಕ್ಕ ಇನ್ನೂ ನನ್ನ ಕಿಸೆಯಲ್ಲೇ ಇತ್ತು. ಹಾಲು ಮಾರಿ, ಬೇಳಿ ಮಾರಿ, ಅದೇ ರೊಕ್ಕದಿಂದ ಹಾಲಿನ ಸತ್ವದ ಡಬ್ಬಿ ತರೋದು! ನಗು ಬಂತು, ಆದರೆ ನಗಲಿಲ್ಲ. ಯಾಕಂದರೆ ಇಂಥದೇ ಆಟ ನಮ್ಮ ಮನಿಯಲ್ಲಿ ಹಿಂದೆಯೂ ನಡೆದಿತ್ತು.

ನಮ್ಮ ಕಾಕಾ ಪೈಲವಾನ. ಹನುಮಪ್ಪನ ಗುಡಿ ಪಕ್ಕದಲ್ಲಿ ಗರಡಿ ಮನಿ ಇತ್ತು. ಕೆಮ್ಮಣ್ಣು ಸೋಸಿ, ಅದಕ್ಕೆ ಅರಿಷಿಣ, ಎಣ್ಣಿ, ಮಜ್ಜಿಗಿ, ಲಿಂಬಿಹಣ್ಣಿನ ರಸ ಬೆರೆಸಿ ಹದ ಮಾಡುತ್ತಿದ್ದರು. ಬೆಳಗಿನ ನಾಲ್ಕಕ್ಕೆ ವಸ್ತಾದ ಬಂದು ಕೂಗಿದರೆ ಹುಡುಗರು ಲಂಗೋಟಿ ಬಿಗಿದು ಇಳಿಯಬೇಕು. ದಂಡ, ಬಸ್ಕಿ, ಜೋಡಿ ತಿರುವೋದು, ಗುಂಡುಕಲ್ಲು ಎತ್ತೋದು, ಆಮೇಲೆ ಜೊತೆಗಾರನ ಕೂಡ ಕುಸ್ತಿ. ತಾಲೀಮು ಮುಗಿದ ಮೇಲೆ ಖುರಾಕು. ಕಾಕಾನ ಖುರಾಕು ಏನಂದರೆ ನೆನೆಸಿದ ಕಡಲಿ, ಎಮ್ಮಿ ಹಾಲು, ತುಪ್ಪ, ಬಾದಾಮಿ ಅರೆದು ಹಾಕಿದ ಥಂಡಾಯಿ. ಬಾದಾಮಿ ಸಿಗದಾಗ ಶೇಂಗಾ, ಖಾರೀಕು. ಜಾತ್ರಿ ಕುಸ್ತಿ ಹತ್ತಿರ ಬಂದಾಗ ಊರವರು ಪಾಳಿ ಹಚ್ಚಿ ದಿನಕ್ಕೊಂದು ಮನಿಯಿಂದ ಹಾಲು ಕೊಡುತ್ತಿದ್ದರು. ಪೈಲವಾನ ಅಂದರೆ ಊರಿನ ಮರ್ಯಾದಿ. ಅವನು ಗೆದ್ದರೆ ಹಲಿಗಿ ಬಾರಿಸಿಕೊಂಡು ಇಡೀ ಊರೇ ಗೆದ್ದಂಗ ಬರುತ್ತಿತ್ತು.

ಇದು ನಮ್ಮೂರೊಂದರ ಕಥೆ ಅಲ್ಲ. ಖುರಾಕು ಕೊಡೋದು ಮೊದಲು ರಾಜರ ಕೆಲಸವಾಗಿತ್ತು. ಕೊಲ್ಲಾಪುರದ ಶಾಹೂ ಮಹಾರಾಜರು 1894ರಿಂದ 1922ರವರೆಗೆ ಆಳಿದರು. ಅವರೇ ಸ್ವತಃ ಕುಸ್ತಿ ಬಲ್ಲವರು. 1902ರಲ್ಲಿ ವಿಲಾಯತಿಗೆ ಹೋದಾಗ ರೋಮಿನ ಹಳೇ ಅಖಾಡ ನೋಡಿ ಬಂದು, ಅದರಂತೆ ಕೊಲ್ಲಾಪುರದಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ಎಲ್ಲಿ ಕುಳಿತರೂ ಕುಸ್ತಿ ಕಾಣಬೇಕು, ಹಂಗ ಅದರ ಕಟ್ಟಾಣಿಕೆ. ದೂರದ ಪಂಜಾಬಿನ ಪೈಲವಾನರೂ ಅಲ್ಲಿಗೆ ಬಂದು ಕುಸ್ತಿ ಹಿಡಿದರು. ಪೈಲವಾನರಿಗೆ ಇರಲು ತಾಲೀಮು, ತಿನ್ನಲು ಖುರಾಕು ದರಬಾರದಿಂದ ನಡೆಯುತ್ತಿತ್ತು.

ಈ ಪೈಲವಾನರ ಊಟದ ಬಗ್ಗೆ ಎಷ್ಟೋ ಕಥೆಗಳಿವೆ. ಗಾಮಾ ಪೈಲವಾನ 1910ರಲ್ಲಿ ಲಂಡನ್ನಿಗೆ ಹೋಗಿ ಜಿಬಿಸ್ಕೋ ಎಂಬ ಪೋಲಂಡಿನ ಮಲ್ಲನ ಕೂಡ ಎರಡೂವರೆ ತಾಸಿಗೂ ಮಿಕ್ಕಿ ಹಿಡಿದ. ಕುಸ್ತಿ ಬರೋಬರಿ ಆಯಿತು. ಮತ್ತೆ ಹಿಡಿಯೋಣ ಅಂತ ದಿನ ಗೊತ್ತು ಮಾಡಿದರೆ ಜಿಬಿಸ್ಕೋ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಅದೇ ಜಿಬಿಸ್ಕೋನನ್ನು ಗಾಮಾ ಒಂದು ನಿಮಿಷ ತುಂಬೋದರೊಳಗೆ ಚಿತ್ ಮಾಡಿದ. ಇದು ಖರೆ. ಆದರೆ ಅವನು ದಿನಾ ಕುಡಿದ ಹಾಲಿನ ಲೆಕ್ಕ ಮಾತ್ರ ಒಬ್ಬೊಬ್ಬರ ಬಾಯಾಗ ಒಂದೊಂದು. ನಾನು ಹಾಡುಗಾರ. ಒಂದು ಊರಿನಲ್ಲಿ ಹತ್ತು ಇದ್ದದ್ದು ಮುಂದಿನ ಊರಿಗೆ ಹೋಗೋದರೊಳಗೆ ಹದಿನೈದು ಹೆಂಗ ಆಗುತ್ತದೆ ಅಂತ ನನಗೆ ಚಲೋ ಗೊತ್ತು. ಇಂಥ ಲೆಕ್ಕ ನಂಬಿ ಯಾರೂ ಹೊಟ್ಟಿ ಕೆಡಿಸಿಕೊಳ್ಳಬಾರದು.

ಸಂಸ್ಥಾನಗಳು ಹೋದವು. 1948ರಲ್ಲಿ ನಮ್ಮ ಡಫಳೆ ಮನೆತನದ ಜತ್ತ ಸಂಸ್ಥಾನವೂ ಮುಂಬೈ ಪ್ರಾಂತಕ್ಕೆ ಸೇರಿತು. ಆಮೇಲೆ ಪೈಲವಾನರನ್ನು ಸಾಕಿದ್ದು ಊರು ಮತ್ತು ಜನ. ಕರಾಡ ತಾಲೂಕಿನ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್‌ಗೆ ಹೋಗಲು ರೊಕ್ಕ ಇಲ್ಲದೆ ಜನರ ಹತ್ತಿರ ಕೂಡಿಸಿದರು. ಅಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಪದಕ ಅದು. ತಿರುಗಿ ಬಂದಾಗ ನೂರಾರು ಎತ್ತಿನ ಬಂಡಿಗಳಲ್ಲಿ ಮೆರವಣಿಗೆ ಆಯಿತು. ಅವರು ಬೆಟ್ಟದಂಥ ಆಳಲ್ಲ, 57 ಕಿಲೋದೊಳಗಿನ ಗುಂಪಿನಲ್ಲಿ ಆಡಿದವರು. ಮೈ ಗಾತ್ರ ಬೇರೆ, ಕಸುವು ಬೇರೆ ಅನ್ನೋದಕ್ಕೆ ಅವರೇ ಸಾಕ್ಷಿ. 1959ರಲ್ಲಿ ಮೊದಲ ಹಿಂದ್ ಕೇಸರಿ ಆದ ಶ್ರೀಪತಿ ಖಂಚನಾಳೆ ಬೆಳಗಾವಿ ಜಿಲ್ಲೆಯ ಯಕ್ಸಂಬಾದವರು, ತಾಲೀಮು ಮಾಡಿದ್ದು ಕೊಲ್ಲಾಪುರದಲ್ಲಿ. ಗಡಿ ಅನ್ನೋದು ಗರಡಿ ಮಣ್ಣಿಗೆ ಯಾವತ್ತೂ ಇರಲಿಲ್ಲ.

ಇನ್ನು ನಮ್ಮ ಮನಿಯ ಕಥೆಗೆ ಬರುತ್ತೇನೆ. ಕಾಕಾ ಹಾಲು ಕುಡಿದ. ಆ ಹಾಲು ಹಿಂಡಿದ್ದು, ಕಾಯಿಸಿದ್ದು, ಬಾದಾಮಿ ಅರೆದದ್ದು ನಮ್ಮವ್ವ. ಅವಳ ಪಾಲಿಗೆ ಬರುತ್ತಿದ್ದದ್ದು ಸಜ್ಜಿ ರೊಟ್ಟಿ, ಖಾರ, ಗಡಿಗಿ ತೊಳೆದ ನೀರಿನಂಥ ಮಜ್ಜಿಗಿ. ಗಂಡಸರು ಉಂಡು, ಮಕ್ಕಳು ಉಂಡು, ತಳದಾಗ ಬ್ಯಾಳಿ ಉಳಿದರೆ ಅವಳಿಗೆ. ನನಗೆ ಒಬ್ಬ ತಮ್ಮ ಹುಟ್ಟಿದಾಗಲೂ ಅವಳಿಗೆ ಖುರಾಕು ಅಂತ ಯಾರೂ ಪಾಳಿ ಹಚ್ಚಲಿಲ್ಲ. ಹೊಟ್ಟಿಯೊಳಗೆ ಒಂದು ಜೀವ ಕಟ್ಟೋದಕ್ಕಿಂತ ದೊಡ್ಡ ಮೈ ಕಟ್ಟೋ ಕೆಲಸ ಯಾವುದು? ಇದು ಆಗ ನನಗೆ ತಿಳೀಲಿಲ್ಲ. ಈಗ ತಿಳಿದರೂ ಹೇಳೋಕೆ ಅವಳಿಲ್ಲ.

1972ರ ಬರ ಬಂತು. ನಮ್ಮ ಕಡೆ ಹಿರಿಯರು ಇವತ್ತಿಗೂ ವಯಸ್ಸು ಹೇಳೋದು ಆ ಬರದ ಲೆಕ್ಕದಿಂದಲೇ. ನಾನು ಆ ವರ್ಷವೇ ಸಾಲಿ ಬಿಟ್ಟೆ. ಎಮ್ಮಿಗಳನ್ನು ಮೇವಿಲ್ಲದೆ ಮಾರಿದರು. ಕಾಕಾನ ಖುರಾಕು ನಿಂತಿತು, ಗರಡಿ ಮನಿ ಬಾಗಿಲು ಹಾಕಿತು. ಪೈಲವಾನನೂ, ನಮ್ಮವ್ವನೂ, ಹದಿಮೂರು ವರ್ಷದ ನಾನೂ ಒಂದೇ ಸಾಲಿನಲ್ಲಿ ಕೂತು ಖಡಿ ಒಡೆದೆವು. ತಿನ್ನಲು ಅಮೆರಿಕದಿಂದ ಬಂದ ಕೆಂಪು ಮೈಲೋ ಜೋಳ. ಅದರ ಸಂಗಡ ಸರ್ಕಾರದವರು ಕೆಲಸದ ಜಾಗದಲ್ಲೇ ಸುಕಡಿ ಹಂಚುತ್ತಿದ್ದರು. ಸಿಹಿಯಾದ ಒಣ ಪುಡಿ, ಬೊಗಸೆ ಒಡ್ಡಿದರೆ ಹಾಕುತ್ತಿದ್ದರು. ಈಗ ಹುಡುಗರು ಡಬ್ಬಿಯೊಳಗಿನ ಪುಡಿ ತೋರಿಸಿದಾಗ ನನಗೆ ಅದೇ ನೆನಪಾಯಿತು. ನಮ್ಮ ಮನಿಗೆ ಬಂದ ಮೊದಲ ಪೌಷ್ಟಿಕ ಪುಡಿ ಸುಕಡಿಯೇ. ನಮ್ಮವ್ವ ಗಂಡಸರ ಸರಿಸಮಾನ ಪಾಲು ತಿಂದದ್ದು ನಾನು ಮೊದಲು ನೋಡಿದ್ದು ಆ ಬರದ ಕೆಲಸದ ಮೇಲೆ. ಬರ ಕೆಟ್ಟದ್ದು, ಆದರೆ ಈ ಮಾತು ಮಾತ್ರ ಮುಚ್ಚಿಡಬಾರದು. ಆ ಬರದ ಕೆಲಸಗಳಿಂದಲೇ ಮುಂದೆ ಮಹಾರಾಷ್ಟ್ರದಲ್ಲಿ ರೋಜಗಾರ ಹಮೀ ಕಾಯದೆ ಬಂತು.

ಪ್ರೋಟೀನ್ ಅನ್ನೋ ಮಾತು ಎಲ್ಲಿಂದ ಬಂತು ಅಂತ ನಮ್ಮ ಸಾಲಿ ಮಾಸ್ತರರನ್ನು ಕೇಳಿದೆ. ಅವರು ಪುಸ್ತಕ ತೆಗೆದು ಓದಿ ಹೇಳಿದ್ದನ್ನು ಬರೆಯುತ್ತೇನೆ. 1838ರಲ್ಲಿ ಹಾಲೆಂಡಿನ ಮುಲ್ಡರ್ ಎಂಬವರು ಈ ಹೆಸರನ್ನು ಬಳಸಿದರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮೊದಲನೆಯದು, ಮುಖ್ಯವಾದದ್ದು. ಆಗಿನ ದೊಡ್ಡ ಪಂಡಿತ ಜರ್ಮನಿಯ ಲೀಬಿಗ್, ಆಳು ದುಡಿಯುವಾಗ ಅವನ ಸ್ನಾಯುವಿನ ಪ್ರೋಟೀನೇ ಉರಿದು ಕಸುವು ಕೊಡುತ್ತದೆ, ಅದಕ್ಕೇ ದುಡಿಯೋರು ಮಾಂಸ ತಿನ್ನಬೇಕು ಅಂತ ಹೇಳಿದ್ದ. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ಮಾಸ್ತರರು ಇದನ್ನು ಪರೀಕ್ಷಿಸಲು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಗುಡ್ಡ ಹತ್ತಿದರು. ಹಿಂದಿನ ದಿನದಿಂದ ಬ್ಯಾಳಿ, ಮಾಂಸ, ಹಾಲು ಏನೂ ಮುಟ್ಟದೆ ಬರೀ ಪಿಷ್ಟ, ಸಕ್ಕರಿ, ಕೊಬ್ಬು ತಿಂದರು. ಸುಮಾರು ಎರಡು ಸಾವಿರ ಮೀಟರ್ ಏರಿದರು. ತಮ್ಮ ಮೂತ್ರ ಹಿಡಿದಿಟ್ಟು, ಮೈಯೊಳಗೆ ಎಷ್ಟು ಪ್ರೋಟೀನ್ ಉರಿದಿದೆ ಅಂತ ಲೆಕ್ಕ ಹಾಕಿದರು. ಅಷ್ಟರಿಂದ ಗುಡ್ಡ ಹತ್ತೋದು ಶಕ್ಯವೇ ಇಲ್ಲ ಅಂತ ಕಂಡುಬಂತು.

ನಮ್ಮ ಮಾತಿನಲ್ಲಿ ಹೇಳೋದಾದರೆ ಕುಂಟಿ ಹೊಡೆಯಲು ಕಸುವು ಕೊಡೋದು ರೊಟ್ಟಿ. ದುಡಿದು ಸವೆದ ಮೈಯನ್ನು ರಿಪೇರಿ ಮಾಡೋದು ಬ್ಯಾಳಿ, ಹಾಲು, ತತ್ತಿ. ರೊಟ್ಟಿ ಎತ್ತು ಇದ್ದಂಗ, ಬ್ಯಾಳಿ ಬಡಿಗ ಇದ್ದಂಗ. ಎರಡೂ ಬೇಕು. ಬಡಿಗನನ್ನು ಹತ್ತು ಮಂದಿ ಕರೆದು ಕೂಡಿಸಿದರೆ ಬಂಡಿ ಮುಂದೆ ಹೋಗೋದಿಲ್ಲ.

ಇನ್ನು ಡಬ್ಬಿ. ವಿಲಾಯತಿಯಲ್ಲಿ ಹಾಲು ಒಡೆದು ಚೀಸ್ ಮಾಡುತ್ತಾರೆ. ಉಳಿಯುವ ಹಳದಿ ನೀರಿಗೆ ವೇ ಅನ್ನುತ್ತಾರೆ. ಹತ್ತು ಲೀಟರ್ ಹಾಲಿಗೆ ಸುಮಾರು ಒಂಬತ್ತು ಲೀಟರ್ ಈ ನೀರೇ. ಬಹಳ ವರ್ಷ ಇದನ್ನು ಹಂದಿಗೆ ಹಾಕುತ್ತಿದ್ದರು, ಇಲ್ಲವೇ ಹಳ್ಳಕ್ಕೆ ಬಿಡುತ್ತಿದ್ದರು. ಹಳ್ಳ ಕೆಡುತ್ತದೆ ಅಂತ ಸರ್ಕಾರಗಳು ಬಿಗಿ ಮಾಡಿದವು. 1970ರ ದಶಕದ ಹೊತ್ತಿಗೆ ಸಣ್ಣ ಜರಡಿಯಂಥ ಪದರಿನಿಂದ ಸೋಸಿ ಅದರೊಳಗಿನ ಪ್ರೋಟೀನ್ ತೆಗೆಯುವ ಯಂತ್ರ ಬಂದವು. ಚೆಲ್ಲುವ ನೀರು ಡಬ್ಬಿ ಸೇರಿತು. ಸತ್ವ ಸುಳ್ಳಲ್ಲ, ಚಲೋ ಪ್ರೋಟೀನೇ. ಬೇಗ ಜೀರ್ಣವಾಗುತ್ತದೆ, ಮೈಗೆ ಹತ್ತುತ್ತದೆ. ಆದರೆ ಅದು ಮಂತ್ರ ಅಲ್ಲ, ಆಹಾರ. ತಾಲೀಮು ಇಲ್ಲದೆ ತಿಂದರೆ ಮೈ ಕಟ್ಟೋದಿಲ್ಲ. ಕುಸ್ತಿ ಬಿಟ್ಟ ಮೇಲೂ ಹಾಲು ತುಪ್ಪ ಬಿಡದ ಪೈಲವಾನರಿಗೆ ಹೊಟ್ಟಿ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ.

ಮೊಮ್ಮಗನನ್ನು ಕರೆದು ಲೆಕ್ಕಕ್ಕೆ ಕೂಡಿಸಿದೆ. ಮೂರು ಸಾವಿರದ ಡಬ್ಬಿಯಲ್ಲಿ ಸುಮಾರು 30 ಚಮಚೆ. ಚಮಚೆಗೆ 100 ರೂಪಾಯಿ, 24 ಗ್ರಾಂ ಪ್ರೋಟೀನ್. ನಮ್ಮ ಹೊಲದ ಶೇಂಗಾ 50 ಗ್ರಾಂ, ಕಡಲಿ 50 ಗ್ರಾಂ ತಿಂದರೆ 20 ಗ್ರಾಂ ಮೇಲೆಯೇ ಬರುತ್ತದೆ. ಕೊಂಡರೂ ಹತ್ತು ಹನ್ನೆರಡು ರೂಪಾಯಿ. ಒಂದು ತತ್ತಿಯಲ್ಲಿ 6 ಗ್ರಾಂ. ತೊಗರಿ, ಹುರಳಿ, ಹೆಸರು ಇವುಗಳಲ್ಲಿ ನೂರಕ್ಕೆ ಇಪ್ಪತ್ತರ ಆಜುಬಾಜು. ಜೋಳದಲ್ಲಿ ಕಡಿಮಿ ಇರೋದನ್ನು ಬ್ಯಾಳಿ ತುಂಬಿಕೊಡುತ್ತದೆ. ರೊಟ್ಟಿ, ಬ್ಯಾಳಿ ಕೂಡಿಸಿ ಉಣ್ಣಬೇಕು ಅಂತ ಹಿರಿಯರು ಹೇಳಿದ್ದು ಬರೀ ರುಚಿಗಲ್ಲ. ಸಾಮಾನ್ಯ ಆಳಿಗೆ ಕಿಲೋ ತೂಕಕ್ಕೆ 0.83 ಗ್ರಾಂ ಸಾಕು ಅಂತ ನಮ್ಮ ದೇಶದ ಪೋಷಣಾ ಸಂಸ್ಥೆಯವರ ಲೆಕ್ಕ. ಅಂದರೆ 60 ಕಿಲೋ ಇದ್ದವನಿಗೆ 50 ಗ್ರಾಂ. ಜೋರು ತಾಲೀಮು ಮಾಡುವವನಿಗೆ ಅದರ ದುಪ್ಪಟ್ಟು ಬೇಕಾದೀತು. ಮೈ ಕಟ್ಟಲು ಪುಡಿ ತಿನ್ನಬೇಡಿ ಅಂತಲೂ ಅದೇ ಸಂಸ್ಥೆ 2024ರಲ್ಲಿ ಹೇಳಿದೆ.

ಮಾತಾಡುತ್ತಾ ಹುಡುಗ ಇನ್ನೊಂದು ಸಂಗತಿ ಬಾಯಿಬಿಟ್ಟ. ಪಟ್ಟಣದಲ್ಲಿ ವ್ಯಾಯಾಮ ಮಾಡುವ ಕಡೆ ಯಾರೋ ಅವನಿಗೆ ಇಂಜೆಕ್ಷನ್ ತೋರಿಸಿದ್ದರಂತೆ. "ಎರಡು ತಿಂಗಳಾಗ ಎದಿ ಉಬ್ಬತೈತಿ" ಅಂದಿದ್ದರಂತೆ. ನನ್ನ ಎದಿ ಝಲ್ ಅಂತು. ಅದು ಆಹಾರ ಅಲ್ಲ, ಗಂಡಸುತನದ ರಸದಂಥ ಔಷಧ. 1958ರಲ್ಲಿ ಅಮೆರಿಕದಲ್ಲಿ ಗುಳಿಗಿಯಾಗಿ ಪೇಟೆಗೆ ಬಂತು, ಅಲ್ಲಿಂದ ಜಗತ್ತೆಲ್ಲ ಹಬ್ಬಿತು. ಹೃದಯ, ಯಕೃತ್ತು ಕೆಡುತ್ತವೆ, ಮಕ್ಕಳಾಗುವ ಶಕ್ತಿಯೂ ಕುಂದುತ್ತದೆ. 1988ರಲ್ಲಿ ಸಿಯೋಲ್ ಒಲಿಂಪಿಕ್‌ನಲ್ಲಿ ಬೆನ್ ಜಾನ್ಸನ್ ಎಂಬವನು ಎಲ್ಲರಿಗಿಂತ ಮುಂದೆ ಓಡಿ, ಇದೇ ಔಷಧಕ್ಕಾಗಿ ಬಂಗಾರದ ಪದಕ ಕಳಕೊಂಡ. ಮಾಸ್ತರರಲ್ಲಿ ನನ್ನ ಕಳಕಳಿಯ ವಿನಂತಿ: ಪುಡಿ ಬೇರೆ, ಇಂಜೆಕ್ಷನ್ ಬೇರೆ ಅಂತ ದೊಡ್ಡ ಹುಡುಗರಿಗೆ ಬಿಡಿಸಿ ಹೇಳಿರಿ. ಗರಡಿಯಲ್ಲಿ ವಸ್ತಾದ ಇದ್ದ, ಬೇಡ ಅನ್ನುವವನಿದ್ದ. ಈಗಿನ ಹುಡುಗರಿಗೆ ಮಾರುವವರಿದ್ದಾರೆ, ಬೇಡ ಅನ್ನುವವರಿಲ್ಲ.

ಮೂರು ಸಾವಿರ ನಾನು ಕೊಟ್ಟೆ, ಆದರೆ ಡಬ್ಬಿಗೆ ಅಲ್ಲ. ಆ ರೊಕ್ಕ ಸೊಸಿಯ ಕೈಗೆ ಕೊಟ್ಟು, ದಿನಾ ಎರಡು ಲೀಟರ್ ಹಾಲು ಡೇರಿಗೆ ಹಾಕಬೇಡ, ಹೋದ ರೊಕ್ಕ ಇದರಲ್ಲಿ ಹಿಡಕೋ ಅಂದೆ. ತೊಗರಿ ಒಂದು ಚೀಲ ಮಾರದೆ ಇಟ್ಟೆವು. ಮೊಮ್ಮಗಳು ಎಂಟನೇ ಇಯತ್ತೆಯಲ್ಲಿದ್ದಾಳೆ. ಅಣ್ಣನಿಗೆ ಎಷ್ಟೋ ಅವಳಿಗೂ ಅಷ್ಟು ಅಂತ ಮೊದಲ ದಿನವೇ ಹೇಳಿದೆ. ಸೊಸಿ ಮಾತ್ರ, "ನಂದು ಆಮ್ಯಾಲ ನೋಡಿದರಾತು" ಅಂದಳು. ನಮ್ಮವ್ವನ ಮಾತೇ ಕೇಳಿದಂಗಾಯಿತು. "ಇಲ್ಲವ್ವಾ, ತಾಟು ಹಚ್ಚಿಕೊಂಡು ನಮ್ಮ ಕೂಡನೇ ಕೂಡು" ಅಂದೆ. ಕೂತಳು.

ಮೈ ಕಟ್ಟುವ ಸತ್ವ ರಾಜರ ಕಾಲಕ್ಕೂ ನಮ್ಮ ಹೊಲದಲ್ಲೇ ಬೆಳೆಯುತ್ತಿತ್ತು, ಈಗಲೂ ಬೆಳೆಯುತ್ತದೆ. ಯಾರ ತಾಟಿಗೆ ಬಂತು, ಯಾರ ತಾಟಿಗೆ ಬರಲಿಲ್ಲ ಅನ್ನೋದೇ ಅದರ ಇತಿಹಾಸ. ನಾನು ತಿಳಿದಷ್ಟು ಬರೆದಿದ್ದೇನೆ. ಕಾಕಾ ಎತ್ತುತ್ತಿದ್ದ ಗುಂಡುಕಲ್ಲು ಇನ್ನೂ ಹನುಮಪ್ಪನ ಗುಡಿ ಮುಂದೆ ಬಿದ್ದಿದೆ. ಮೊಮ್ಮಗ ಈಗ ದಿನಾ ಬೆಳಿಗ್ಗೆ ಓಡಿ ಬಂದು ಅದನ್ನು ಮೊಣಕಾಲಿನ ತನಕ ಎತ್ತುತ್ತಾನೆ. ನಿಮ್ಮ ನಿಮ್ಮ ಊರಿನ ಗರಡಿ ಮನಿಗಳ ಸಂಗತಿ, ಖುರಾಕಿನ ಸಂಗತಿ ಗೊತ್ತಿದ್ದ ಹಿರಿಯರು ವಾಚನಾಲಯಕ್ಕೆ ಬಂದು ಹೇಳಿರಿ. ನಾವು ಬರೆದಿಡುತ್ತೇವೆ. ತಪ್ಪಿದ್ದರೆ ತಿದ್ದಿರಿ.