ರಸಕ್ಕೆ ಯಂತ್ರ ಬಂತು, ಸಿಪ್ಪೆಗೆ ತಲೆಯೇ ಉಳಿಯಿತು

ಆಲೆಮನೆಗೆ ಹೋದರೆ ನಾವೆಲ್ಲ ನೋಡುವುದು ಗಾಣ, ಕುದಿಯುವ ಕೊಪ್ಪರಿಗೆ, ಬಿಸಿ ಬೆಲ್ಲ. ಗಾಣದ ಹಿಂದೆ ಬಗ್ಗಿ ಕಬ್ಬಿನ ಸಿಪ್ಪೆ ಬಾಚಿ, ತಲೆ ಮೇಲೆ ಹೊತ್ತು, ಬಯಲಲ್ಲಿ ಒಣಗಲು ಹರಡುವವರ ಕಡೆ ಕಣ್ಣು ಹೋಗುವುದೇ ಇಲ್ಲ. ನಾವೂ ಎಷ್ಟೋ ಸಲ ಬೆಲ್ಲದ ದರ ಬರೆದುಕೊಂಡು ವಾಪಸ್ ಬಂದಿದ್ದೇವೆ. ಅವರ ಬೆನ್ನುನೋವು ಸುದ್ದಿಯಾಗಲಿಲ್ಲ.

ಹಳೆಯ ಗಾಣ ದೊಡ್ಡ ಒರಳಿನ ಹಾಗಿತ್ತು. ಕಬ್ಬು ತುಂಡು ಮಾಡಿ ಹಾಕಬೇಕು, ಎತ್ತು ಸುತ್ತಬೇಕು, ಅರೆದ ಸಿಪ್ಪೆಯನ್ನು ಕೈಯಿಂದಲೇ ತೆಗೆಯಬೇಕು. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬುವರು ಕಬ್ಬಿಣದ ಉರುಳೆಗಳ ಗಾಣ ತಯಾರಿಸಿದರು. ಇಡೀ ಜಲ್ಲೆಯನ್ನೇ ಕೊಡಬಹುದಾಯಿತು, ತುಂಡು ಮಾಡುವ ಕೆಲಸ ತಪ್ಪಿತು. ಆದರೆ ಹಿಂದಿನಿಂದ ಹೊರಬಂದ ಸಿಪ್ಪೆ ನೆಲಕ್ಕೇ ಬಿತ್ತು. ಬಗ್ಗುವುದು ತಪ್ಪಲಿಲ್ಲ.

1930ರ ದಶಕದಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಇಂಥ ಕಾರ್ಖಾನೆಗಳಲ್ಲಿ ಸಿಪ್ಪೆಯನ್ನು ಬಾಯ್ಲರ್‌ಗೆ ಒಯ್ಯುವುದು ಕನ್ವೇಯರ್. ಬಾಯ್ಲರ್‌ಗೆ ಬಿಡುವಿಲ್ಲದೆ ಉರುವಲು ಬೇಕಲ್ಲ, ಅದಕ್ಕೇ ಈ ಯಂತ್ರ. ಆಲೆಮನೆಯ ಒಲೆಗೂ ಅದೇ ಸಿಪ್ಪೆ ಉರುವಲು, ಆದರೆ ಅಲ್ಲಿ ಕನ್ವೇಯರ್ ಮನುಷ್ಯರೇ.

ಲೆಕ್ಕ ಹಾಕಿ ನೋಡಿ. ಒಂದು ಟನ್ ಕಬ್ಬು ಅರೆದರೆ ಕಡಿಮೆ ಎಂದರೂ ಸುಮಾರು 300 ಕೆಜಿ ಹಸಿ ಸಿಪ್ಪೆ. ಸಲಕ್ಕೆ 20 ಕೆಜಿ ಹೊತ್ತರೂ 15 ಸಲ ಬಗ್ಗಿ ಏಳಬೇಕು. ಅದು ಒಂದೇ ಟನ್ನಿಗೆ.

ಅಮೆರಿಕದ ನಯೋಶ್ ಎಂಬ ಸರ್ಕಾರಿ ಸಂಸ್ಥೆ 1991ರಲ್ಲಿ ಭಾರ ಎತ್ತುವ ಸೂತ್ರ ಪರಿಷ್ಕರಿಸಿತು. ಎಲ್ಲವೂ ಅನುಕೂಲವಾಗಿದ್ದರೆ ಮಿತಿ 23 ಕೆಜಿ. ಭಾರ ನೆಲದಲ್ಲಿದ್ದರೆ, ಮೈಯಿಂದ ದೂರವಿದ್ದರೆ, ಸೊಂಟ ತಿರುಗಿಸಿ ಎತ್ತಿದರೆ, ಪದೇ ಪದೇ ಎತ್ತಿದರೆ ಆ ಮಿತಿ ಇಳಿಯುತ್ತಾ ಹೋಗುತ್ತದೆ. ಸಿಪ್ಪೆ ಹೊರುವ ಕೆಲಸದಲ್ಲಿ ಇವೆಲ್ಲವೂ ಒಟ್ಟಿಗೇ ಇವೆ.

ಬೆನ್ನಷ್ಟೇ ಅಲ್ಲ, ಉಸಿರೂ ಇದೆ. ರಾಶಿ ಹಾಕಿಟ್ಟ ಸಿಪ್ಪೆಗೆ ಬೂಷ್ಟು ಹಿಡಿದರೆ ಅದರ ಧೂಳಿನಿಂದ ಬಗಾಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ನಮ್ಮ ದೇಶದಲ್ಲಿ ಇದು 1955ರಲ್ಲೇ ವರದಿಯಾಗಿದೆ, ಕೋಲ್ಕತ್ತಾ ಬಳಿಯ ರಟ್ಟಿನ ಕಾರ್ಖಾನೆಯಿಂದ.

ದೊಡ್ಡ ಯಂತ್ರವೇ ಬೇಕೆಂದಿಲ್ಲ. ಸಿಪ್ಪೆ ನೆಲಕ್ಕೆ ಬೀಳದಂತೆ ಗಾಣವನ್ನೇ ಸ್ವಲ್ಪ ಎತ್ತರಿಸಿ ಕೂರಿಸಬಹುದು. ಅದರ ಬಾಯಿಗೇ ನಿಲ್ಲುವ, ದೊಡ್ಡ ಚಕ್ರದ ಎರಡು ಗಾಲಿಯ ಗಾಡಿ, ಉದ್ದ ಹಿಡಿಯ ಕವೆಗೋಲು, ಮೂಗಿಗೊಂದು ಮಾಸ್ಕ್. ಗಾಡಿ, ಕವೆಗೋಲು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತವೆ.

ಗಾಡಿ ಮಾಡಿಸುವ ದಿನ ಒಂದು ಕೆಲಸ ಮಾಡಿ. ಅಳತೆ ಕೊಡಲು ಯಜಮಾನರು ಹೋಗುವುದು ಬೇಡ, ದಿನಾ ಸಿಪ್ಪೆ ಹೊರುವ ಹೆಂಗಸನ್ನು ಕರೆದುಕೊಂಡು ಹೋಗಿ. ಹಿಡಿಯ ಎತ್ತರ ಎಷ್ಟಿರಬೇಕೆಂದು ಅವಳೇ ಹೇಳಲಿ.